ಬಾಯಾಗ ಬಿಳಿ ಕಲೆ ಕಂಡು ಎಚ್‌ಐವಿ ಅಂತ ನಿದ್ದಿಗೆಟ್ಟವ್ರಿಗೆ

ಮೊದ್ಲ ಆ ಮೊಬೈಲ್ ಟಾರ್ಚ್ ಆಫ್ ಮಾಡ್ರಿ. ನಾನೂ ವಿಜಯಪುರದಾಗ ರೂಮಿನ ಬಾಗಲಾ ಹಾಕ್ಕೊಂಡು ಎರಡು ತಿಂಗಳ ಕನ್ನಡಿ ಮುಂದ ನಾಲಿಗಿ ಚಾಚಿ ಫೋಟೋ ತಗದು, ನಿನ್ನಿದು ಇವತ್ತಿಂದು ಹೋಲಿಸ್ಕೋತ ಕುಂತಾಂವ, ಅವ್ವ ಹಲ್ಲ ನೋಯ್ತಾವೇನೋ ಅಂದ್ರ ಹೂಂ ಅಂತಿದ್ದೆ. ನಾಲಿಗಿ ಹಿಂದ ಸಾಲಾಗಿ ದಪ್ಪ ಗುಳ್ಳಿ ಕಂಡು ಜೀವ ಹೋದಂಗಾಗಿತ್ತು, ಆಮ್ಯಾಲೆ ಗೊತ್ತಾತು ಅವು ಎಲ್ಲಾರ ನಾಲಿಗಿ ಮ್ಯಾಲೂ ಇರ್ತಾವ, ನಾನಷ್ಟ ಇಲ್ಲೀತನಕ ನೋಡಿರ್ಲಿಲ್ಲ.

ಬರೇ ಬಾಯಿ ನೋಡಿ ಎಚ್‌ಐವಿ ಐತಿ ಅಂತ ಹೇಳಾಕ ಡಾಕ್ಟರಗೂ ಬರಂಗಿಲ್ಲ. ಸೋಂಕು ತಗಲಿದ 2–4 ವಾರಕ್ಕ ಕೆಲವ್ರಿಗೆ ಜ್ವರ, ಗಂಟಲ ನೋವು, ಬಾಯಿ ಹುಣ್ಣು ಬರ್ತಾವ ಖರೆ, ಆದ್ರ ಸಾದಾ ವೈರಲ್ ಜ್ವರಕ್ಕೂ ಅವ ಬರ್ತಾವ. ಬಿಳಿ ಬೂಷ್ಟಿನಂಥ ಫಂಗಸ್ ಸಕ್ಕರಿ ಕಾಯಿಲೆ ಇದ್ದವ್ರಿಗೆ, ಇನ್‌ಹೇಲರ್ ಹೊಡ್ಕೊಳ್ಳೋರಿಗೆ, ಆಂಟಿಬಯೋಟಿಕ್ ತಿಂದವ್ರಿಗೂ ಆಗ್ತೈತಿ. ಬಿ12 ಇಲ್ಲಾ ಕಬ್ಬಿಣ ಕಮ್ಮಿ ಆದ್ರ ನಾಲಿಗಿ ಉರೀತೈತಿ, ಕಡಕ್ ರೊಟ್ಟಿ ಅಂಚ ಚುಚ್ಚಿದ್ರೂ ಹುಣ್ಣ ಆಗ್ತಾವ.

ಹಂಗಾದ್ರ ನೋಡೂದು ಏನು? ಕ್ಯಾಲೆಂಡರ್. ಮುತ್ತು ಕೊಟ್ಟಿದ್ದು, ಒಂದ ತಾಟಿನ್ಯಾಗ ಉಂಡಿದ್ದು, ಚಾ ಕಪ್ಪು, ಸಂಡಾಸು, ಇವ್ಯಾವೂ ಲೆಕ್ಕಕ್ಕಿಲ್ಲ, ಉಗುಳಿನಿಂದ ಎಚ್‌ಐವಿ ಹರಡಂಗಿಲ್ಲ. ಕಾಂಡೋಮ್ ಇಲ್ದ ಕೂಡಿದ್ದು, ಒಬ್ರು ಬಳಸಿದ ಸೂಜಿ ಚುಚ್ಕೊಂಡಿದ್ದು ಇದ್ರ ಆ ತಾರೀಖು ಬರಕೊಳ್ರಿ. 72 ತಾಸು ಆಗಿಲ್ಲಂದ್ರ ಇದನ್ನ ಓದೂದು ಬಿಟ್ಟು ಈಗ ಎದ್ದು ದೊಡ್ಡ ಸರ್ಕಾರಿ ಆಸ್ಪತ್ರಿಗೆ ಹೋಗಿ ಪಿಇಪಿ ಕೇಳ್ರಿ, ಸೋಂಕು ಹತ್ತದಂಗ ತಡಿಯೋ 28 ದಿನದ ಗುಳಿಗಿ ಅದು, ಎಷ್ಟ ಲಗೂ ಶುರು ಮಾಡಿದ್ರ ಅಷ್ಟ ಛಲೋ, ರವಿವಾರ ಐತಿ ನಾಳೆ ಹೋಗೂಣು ಅನ್ಬ್ಯಾಡ್ರಿ.

72 ತಾಸು ದಾಟಿದ್ರ ಟೆಸ್ಟ್ ಒಂದ ದಾರಿ. ರಕ್ತನಾಳದಿಂದ ರಕ್ತ ತಗದು ಲ್ಯಾಬಿನ್ಯಾಗ ಮಾಡೋ ನಾಲ್ಕನೇ ಜನರೇಶನ್ ಟೆಸ್ಟ್ ಆ ತಾರೀಖಿನಿಂದ 45 ದಿನ ಆದ ಮ್ಯಾಲೆ ನೆಗೆಟಿವ್ ಬಂದ್ರ ಮುಗೀತು, ಬೆರಳ ಚುಚ್ಚಿ ಮಾಡೋ ಕಾರ್ಡ್ ಟೆಸ್ಟ್ ಆದ್ರ 90 ದಿನ ಹಿಡೀರಿ. ಹತ್ತನೇ ದಿನಕ್ಕ ಮಾಡ್ಸಿ ನೆಗೆಟಿವ್ ಅಂತ ಕುಣಿಯೂದೂ ಬ್ಯಾಡ, ಅದನ್ನ ನಂಬದ ಮತ್ತ ಅಳೂದೂ ಬ್ಯಾಡ. ಬೆಳಗಾವಿ ಬಿಮ್ಸ್ ಇರ್ಲಿ, ವಿಜಯಪುರ ಬಾಗಲಕೋಟಿ ಜಿಲ್ಲಾ ಆಸ್ಪತ್ರಿ ಇರ್ಲಿ, ಐಸಿಟಿಸಿ (ಎಚ್‌ಐವಿ ಟೆಸ್ಟ್ ಮತ್ತ ಸಲಹಾ ಕೇಂದ್ರ) ಎಲ್ಲೈತಿ ಅಂತ ಕೇಳ್ರಿ, ಫುಕಟ ಮಾಡ್ತಾರ, ಮೊದ್ಲ ಕೌನ್ಸೆಲರ್ ಮಾತಾಡ್ತಾರ. ಊರಾಗ ಯಾರರೆ ನೋಡಿದ್ರ ಅನ್ನೋ ಹೆದರಿಕಿ ಇದ್ರ ಪಕ್ಕದ ಜಿಲ್ಲಾಕ್ಕ ಬಸ್ ಹತ್ರಿ, ನಾನೂ ಬಾಗಲಕೋಟಿಗೆ ಹೋಗಿದ್ದೆ. ನಿಮ್ಮ ರಿಪೋರ್ಟ್ ಗುಟ್ಟಾಗಿ ಇಡಬೇಕು ಅಂತ 2017ರ ಕಾಯ್ದೆನ ಐತಿ. ಎಚ್‌ಐವಿ ಸಹಾಯವಾಣಿ 1097ಗೆ ಫೋನ್ ಮಾಡಿದ್ರೂ ಹೇಳ್ತಾರ, ರೊಕ್ಕ ಹತ್ತಂಗಿಲ್ಲ. ಒಂದ ಟೆಸ್ಟ್ ಪಾಸಿಟಿವ್ ತೋರಿಸಿದ್ರೂ ಅದ ಕಡೀ ಮಾತಲ್ಲ, ಬ್ಯಾರೆ ಕಿಟ್‌ನ್ಯಾಗ ಮತ್ತ ನೋಡಿ ಆಮ್ಯಾಲೆ ಹೇಳ್ತಾರ, ಹೌದ ಅಂತಾದ್ರೂ ವೈರಸ್ ಹತೋಟಿಯಾಗ ಇಡೋ ಎಆರ್‌ಟಿ ಗುಳಿಗಿ ಫ್ರೀ ಅದಾವ, ತಪ್ಪದ ತಗೊಂಡವ್ರು ಎಲ್ಲಾರಂಗ ಬಾಳ್ತಾರ.

ಬಾಯೀನೂ ಬಿಡಬ್ಯಾಡ್ರಿ ಮತ್ತ. ಎರಡು ವಾರ ಆದ್ರೂ ಮಾಯದ ಹುಣ್ಣು, ಒರೆಸಿದ್ರೂ ಹೋಗದ ಬಿಳಿ ಇಲ್ಲಾ ಕೆಂಪು ಮಚ್ಚಿ, ಮೂರು ಬೆರಳು ಹಿಡಿಯೋವಷ್ಟು ಬಾಯಿ ತೆರಿಯಾಕ ಆಗ್ದಿದ್ರ ಹಲ್ಲಿನ ಡಾಕ್ಟರ್ ಕಡೆ ಹೋಗ್ರಿ. ಎಚ್‌ಐವಿ ಅಂತ ನಡಗೋ ಹುಡುಗೂರ ಗಲ್ಲದಾಗ ಬಾಯಿ ಕ್ಯಾನ್ಸರ್ ತರೋ ಗುಟ್ಕಾ ಇರ್ತೈತಿ, ಅದಕ್ಕ ಯಾರೂ ಹೆದ್ರಂಗಿಲ್ಲ! ನನಗ ಕಡೀಕ ಸಿಕ್ಕಿದ್ದು ಬಿ12 ಕಮ್ಮಿ, ಮತ್ತ ಮುರದ ದವಡಿ ಹಲ್ಲಿನ ಚೂಪು ಅಂಚು, ಡಾಕ್ಟರ್ ಐದ ನಿಮಿಷದಾಗ ಉಜ್ಜಿ ನುಣ್ಣಗ ಮಾಡಿದ್ರು.

ದಿನ ತುಂಬಿದ ಮ್ಯಾಲೆ ನೆಗೆಟಿವ್ ಬಂದೂ ಇನ್ನೊಂದ ಲ್ಯಾಬಿಗೆ ಕಾಲ ಎಳದ್ರ ಈಗ ಚಿಕಿತ್ಸೆ ಬೇಕಾಗಿದ್ದು ಆ ಹೆದರಿಕಿಗೆ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416ಗೆ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ.