ಮನಶ್ಶಾಸ್ತ್ರದ ಪಂಥಗಳನ್ನು ಬಾಯಿಪಾಠ ಮಾಡಬೇಡಿ, ಜಗಳ ಹಿಡಿದು ಓದಿ

ಕೊಪ್ಪಳದಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರಿಗೆ ಸಂಜೆ ಹೊತ್ತು ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ರಚನಾವಾದ, ಕಾರ್ಯವಾದ, ವರ್ತನಾವಾದ ಎಂದು ಎಲ್ಲರೂ ಮಗ್ಗಿ ಒಪ್ಪಿಸುತ್ತಾರೆ. ಒಂದರಿಂದ ಇನ್ನೊಂದು ಯಾಕೆ ಹುಟ್ಟಿತು ಅಂತ ಕೇಳಿದರೆ ಗಪ್‌ಚಿಪ್.

ಹೀಗೆ ಮಾಡಿ. ದೊಡ್ಡ ಹಾಳೆ ತಗೊಳ್ಳಿ. ಹೆಸರುಗಳನ್ನು ಸಾಲಾಗಿ ಬರೆಯಬೇಡಿ, ಚೆದುರಿಸಿ ಬರೆದು ನಡುವೆ ಬಾಣ ಎಳೆಯಿರಿ. ಬಾಣದ ಮೇಲೆ ಒಂದೇ ಸಾಲು: ಹಿಂದಿನವರ ಯಾವ ಮಾತು ಇವರಿಗೆ ಒಪ್ಪಿಗೆಯಾಗಲಿಲ್ಲ?

ಮೊದಲ ಹೆಸರು ವುಂಟ್. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆ ತೆರೆದವರು. ಶಿಷ್ಯ ಟಿಚ್ನರ್ 1892ರಲ್ಲಿ ಅಮೆರಿಕದ ಕಾರ್ನೆಲ್‌ಗೆ ಹೋದರು. ರಚನಾವಾದ, ಅಂದರೆ ಅನುಭವವನ್ನು ಬಿಡಿಭಾಗಗಳಾಗಿ ಒಡೆದು ನೋಡುವುದು, ನಿಜವಾಗಿ ಟಿಚ್ನರ್ ಅವರದ್ದು. ಗೈಡುಗಳು ಇಬ್ಬರನ್ನೂ ಸುಮ್ನೆ ಒಂದೇ ಸಾಲಿಗೆ ತಳ್ಳುತ್ತವೆ. ಭಾಷೆ, ಪುರಾಣ, ಆಚಾರಗಳ ಬಗ್ಗೆ ಹತ್ತು ಸಂಪುಟ ಬರೆದ ವುಂಟ್ ಅಷ್ಟು ಸಣ್ಣ ಜಾಗಕ್ಕೆ ಹಿಡಿಸುವವರಲ್ಲ.

ಟಿಚ್ನರ್ ಅರ್ಥವಾಗಬೇಕಾದರೆ ಒಂದು ಮಿರ್ಚಿ ತಿನ್ನಿ. ಆದರೆ ‘ಮಿರ್ಚಿ’ ಅನ್ನಬೇಡಿ. ‘ಎಣ್ಣೆ’ ಅಂದರೂ ತಪ್ಪು, ಅದು ವಸ್ತುವಿನ ಹೆಸರು. ಬಿಸಿ, ಉರಿ, ನಾಲಿಗೆ ಮೇಲೆ ಜಾರುವ ಸ್ಪರ್ಶ, ಇಷ್ಟೇ ಹೇಳಬೇಕು. ತನ್ನ ಅನುಭವವನ್ನು ತಾನೇ ಒಳಗೆ ನೋಡಿ ಹೇಳುವ ಇದೇ ಅಂತರಾವಲೋಕನ. ಈಗ ಪಕ್ಕದವರಿಗೂ ಒಂದು ಮಿರ್ಚಿ ಕೊಡಿ. ಇಬ್ಬರ ಪಟ್ಟಿ ಬೇರೆಯಾದರೆ ಯಾರದ್ದು ಸರಿ? ಇನ್ನೊಬ್ಬರ ಬಾಯೊಳಗಿನ ಉರಿ ಪರೀಕ್ಷಿಸಲು ಆಗಲ್ಲ ಅಲ್ವಾ? ಮುಂದೆ ವರ್ತನಾವಾದದ ವಾಟ್ಸನ್ ಹಿಡಿದದ್ದು ಇದನ್ನೇ.

ನಡುವೆ ವಿಲಿಯಂ ಜೇಮ್ಸ್ ಬರುತ್ತಾರೆ. ಮನಸ್ಸು ಹರಿಯುವಂಥದ್ದು, ತುಂಡು ಮಾಡಿ ಏನು ಸಿಗುತ್ತದೆ, ಅದು ಬದುಕಿಗೆ ಏನು ಕೆಲಸ ಮಾಡುತ್ತದೆ ನೋಡಿ ಅಂದರು 1890ರಲ್ಲಿ. ಇದರ ಬೆನ್ನಿಗೆ ಡಾರ್ವಿನ್ ಇದ್ದರು. ಇದೇ ದಾರಿಯ ಕಾರ್ಯವಾದ ಶಿಕಾಗೋದಲ್ಲಿ ಬೇರೂರಿತು. ಬದುಕುಳಿಯುವ ಪ್ರಶ್ನೆ ಬಂದ ಮೇಲೆ ಪ್ರಾಣಿಗಳೂ ಲೆಕ್ಕಕ್ಕೆ ಬಂದವು. ಅಲ್ಲೇ ಕಾರ್ಯವಾದಿ ಏಂಜೆಲ್ ಕೈಕೆಳಗೆ ಇಲಿಗಳ ಮೇಲೆ ಕೆಲಸ ಮಾಡಿ 1903ರಲ್ಲಿ ಡಾಕ್ಟರೇಟ್ ಪಡೆದವರು ವಾಟ್ಸನ್. ಇಲಿ ಅಂತರಾವಲೋಕನ ಮಾಡಿ ಹೇಳುತ್ತದೆಯೇ? 1913ರಲ್ಲಿ ಅವರು ಮನಸ್ಸನ್ನೇ ಬದಿಗಿಟ್ಟು, ಕಣ್ಣಿಗೆ ಕಾಣುವ ವರ್ತನೆ ಸಾಕು ಅಂದರು. ಇಲ್ಲಿ ಎರಡು ಬಾಣ ಹಾಕಿ: ಟಿಚ್ನರ್ ಕಡೆಯಿಂದ ಜಗಳದ್ದು, ಶಿಕಾಗೋ ಕಡೆಯಿಂದ ಎರವಲು ಪಡೆದದ್ದು.

ಅನುಭವವನ್ನು ಇಡಿಯಾಗಿ ನೋಡಬೇಕು ಅನ್ನುವ ಗೆಸ್ಟಾಲ್ಟ್ ಪಂಥಕ್ಕೆ ನಮ್ಮೂರ ಗವಿಮಠದ ಜಾತ್ರೆ ನೆನೆಸಿಕೊಳ್ಳಿ. ಸೀರಿಯಲ್ ಲೈಟಿನಲ್ಲಿ ಒಂದು ಬಲ್ಬೂ ಜಾಗ ಬಿಟ್ಟು ಕದಲುವುದಿಲ್ಲ. ಒಂದರ ಹಿಂದೆ ಒಂದು ಹತ್ತಿ ಆರುತ್ತವೆ, ನಮಗೆ ಬೆಳಕು ಓಡಿದಂತೆ ಕಾಣುತ್ತದೆ. ಆ ಓಟ ಯಾವ ಬಲ್ಬಿನಲ್ಲಿದೆ? ವರ್ತೈಮರ್ 1912ರಲ್ಲಿ ಪ್ರಕಟಿಸಿದ್ದು ಇಂಥದ್ದೇ ಪ್ರಯೋಗ. ಅದರಲ್ಲಿ ನೋಡುಗರಾಗಿ ಕೂತ ಕೋಲರ್, ಕಾಫ್ಕಾ ಮುಂದೆ ಆ ಪಂಥವನ್ನೇ ಕಟ್ಟಿದರು. ಬಾಣದ ಸಾಲು: ಬಿಡಿಭಾಗ ಕೂಡಿಸಿದರೆ ಅನುಭವ ಸಿಗಲ್ಲ.

ಮನೋವಿಶ್ಲೇಷಣೆಯ ಫ್ರಾಯ್ಡ್ ಹಾಳೆಯ ಅಂಚಿಗಿರಲಿ. ಅವರು ವಿಯೆನ್ನಾದಲ್ಲಿ ರೋಗಿಗಳನ್ನು ನೋಡುತ್ತಾ ಬಂದವರು. ಟಿಚ್ನರ್‌ನಿಂದ ಅವರಿಗೆ ಬಾಣ ಎಳೆಯಬೇಡಿ.

ಕೊನೆಗೆ ಹೆಸರುಗಳನ್ನು ಮುಚ್ಚಿ ಬರೀ ಬಾಣಗಳನ್ನು ಓದಿ. ಯಾರದ್ದೆಂದು ಹೊಳೆಯದಿದ್ದರೆ ಆ ಸಾಲು ಅಳಿಸಿ, ಬೇರೆ ಮಾತಿನಲ್ಲಿ ಬರೆಯಿರಿ.