ಕಲ್ಲಣಬೆಯ ಕುಲ ಗುರುತಿಸುವುದು: ನಾನು ಮಾಡುವ ಕ್ರಮ

ಮುಂಗಾರಿನ ಮೊದಲ ಮಳೆಗಳಿಗೆ ಕರಾವಳಿಯ ಕಾಡಂಚಿನ ಮಣ್ಣಿನಿಂದ ಕೆದಕಿ ತೆಗೆಯುವ ಗುಂಡಗಿನ ಅಣಬೆಗೆ ಕಲ್ಲಣಬೆ ಎನ್ನುತ್ತೇವೆ. ಉಂಡೆಯಾಗಿರುವುದೆಲ್ಲ ಒಂದೇ ಕುಲದ್ದಲ್ಲ (ಕುಲವೆಂದರೆ ಹತ್ತಿರದ ಜಾತಿಗಳ ಗುಂಪು). ಬೀಜಕಗಳನ್ನು (ಹೊಸ ಅಣಬೆ ಹುಟ್ಟಿಸುವ ಪುಡಿಯಂಥ ಕಣಗಳು) ಮುಚ್ಚಿದ ಹೊಟ್ಟೆಯೊಳಗೆ ಬಲಿಸುವ ಅಣಬೆಗಳನ್ನು 1821ರಲ್ಲಿ ಸ್ವೀಡನ್ನಿನ ಅಣಬೆ ತಜ್ಞ ಫ್ರೀಸ್ ಗ್ಯಾಸ್ಟರೋಮೈಸೀಟ್ಸ್ ಎಂದು ಒಟ್ಟಿಗೆ ಇಟ್ಟ. ಡಿಎನ್ಎ ಹೋಲಿಕೆ ಆ ಗುಂಪನ್ನು ಒಡೆಯಿತು. ಈ ಮುಚ್ಚಿದ ರೂಪ ಬೇರೆಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿಕೊಂಡಿದೆ. ಹಾಗಾಗಿ ಹೊರಗಿನ ಆಕಾರ ನೋಡಿ ನಾನು ಕುಲ ಬರೆಯುವುದಿಲ್ಲ.

ಒಂದೇ ಜಾಗದಿಂದ ಎಳೆಯದು, ನಡುಪ್ರಾಯದ್ದು, ಒಡೆದದ್ದು ಮೂರನ್ನೂ ತರುತ್ತೇನೆ. ಬಲಿತದ್ದು ಮಾತ್ರ ಇದ್ದರೆ ಒಳಗೆಲ್ಲ ಪುಡಿ, ರಚನೆ ಕಾಣದು. ಎಳೆಯದು ಮಾತ್ರ ಇದ್ದರೆ ಬೀಜಕ ಬಲಿತಿರದೆ ಅಳತೆ ಚಿಕ್ಕದಾಗಿ ಬರುತ್ತದೆ. ಹತ್ತಿರ ಕಿರಾಲ್‌ಬೋಗಿ ಮರ ಇತ್ತೋ, ಅಕೇಶಿಯಾ ಇತ್ತೋ ಎಂದು ಅಲ್ಲೇ ಬರೆದುಕೊಳ್ಳಬೇಕು. ಈ ಅಣಬೆಗಳಲ್ಲಿ ಹಲವು ಮರದ ಬೇರಿಗೆ ಅಂಟಿಕೊಂಡೇ ಬದುಕುವಂಥವು.

ಆಮೇಲೆ ಹೊಸ ಬ್ಲೇಡಿನಿಂದ ನೆತ್ತಿಯಿಂದ ಬುಡಕ್ಕೆ ನೇರ ಸೀಳು. ಒಳಗೆ ಕೊಡೆ, ಕಾಂಡ, ಪದರಗಳ ನೆರಳು ಕಂಡರೆ ಅದು ಅಮಾನಿಟಾ ಎಂಬ ಕೊಡೆಯಣಬೆಯ ಮೊಗ್ಗು. ಅದರಲ್ಲಿ ಪ್ರಾಣ ತೆಗೆಯುವ ಜಾತಿಗಳಿವೆ. ಹೆಸರುಬೇಳೆಯಂಥ ಕಾಳುಗಳು ಕಪ್ಪು ಲೋಳೆಯಲ್ಲಿ ಹುದುಗಿದ್ದರೆ ಪಿಸೋಲಿಥಸ್. ಸಿಪ್ಪೆ ಇನ್ನೂ ಒಡೆದಿಲ್ಲ, ಒಳಗೆ ಮಾತ್ರ ನೇರಳೆಗಪ್ಪು ತಿರುಳು, ಅದರಲ್ಲಿ ಬಿಳಿ ಗೆರೆಗಳ ಜಾಲ ಎಂದಾದರೆ ಸ್ಕ್ಲೆರೋಡರ್ಮಾ. ಇದರ ಕೆಲವು ಜಾತಿಗಳು ತಿಂದವರಿಗೆ ವಾಂತಿ, ಹೊಟ್ಟೆನೋವು ತರುತ್ತವೆ.

ಹೆಚ್ಚು ಎಡವುವುದು ನಕ್ಷತ್ರದಂತೆ ಬಿರಿಯುವ ಎರಡು ಕುಲಗಳಲ್ಲಿ: ಅಸ್ಟ್ರೇಯಸ್ ಮತ್ತು ಜಿಯಾಸ್ಟ್ರಮ್. ಜಿಯಾಸ್ಟ್ರಮ್‌ನ ಒಳಚೀಲದ ಬುಡದಿಂದ ಪುಟ್ಟ ಕಂಬ ಎದ್ದಿರುತ್ತದೆ, ಅಸ್ಟ್ರೇಯಸ್‌ನಲ್ಲಿ ಅದಿಲ್ಲ. ಖಾತ್ರಿಗೆ ಸೂಕ್ಷ್ಮದರ್ಶಕ ಬೇಕೇ ಬೇಕು. ಸೂಜಿಮೊನೆಯಷ್ಟು ಪುಡಿಯನ್ನು ಸ್ಲೈಡಿನ ಮೇಲಿಟ್ಟು, ಮೊದಲು ಒಂದು ಹನಿ ಆಲ್ಕೋಹಾಲ್, ಅದು ಆರುವ ಮುನ್ನ ಶೇ. 5ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್. ನೇರ ನೀರು ಹಾಕಿದರೆ ಬೀಜಕ ಒದ್ದೆಯಾಗದೆ ಗಾಳಿಗುಳ್ಳೆಗಳೇ ತುಂಬಿಕೊಳ್ಳುತ್ತವೆ. ಮಸೂರದ ಕೆಳಗೆ ಎಣ್ಣೆ ಹಾಕಿ 1000 ಪಟ್ಟು ಹಿಗ್ಗಿಸಿ 30 ಬೀಜಕ ಅಳೆಯುತ್ತೇನೆ. ಬೀಜಕದ ಮೈಮೇಲಿನ ಮುಳ್ಳುಗಳನ್ನು ಬಿಟ್ಟು ಅಳೆದು, ಅವುಗಳ ಉದ್ದ ಬೇರೆ ಬರೆಯಬೇಕು. ಬೆರೆಸಿದರೆ ಜಾತಿಯೇ ತಪ್ಪುತ್ತದೆ. ಅಸ್ಟ್ರೇಯಸ್‌ನ ಬೀಜಕ ಸಾಮಾನ್ಯವಾಗಿ 7 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಾಟುತ್ತದೆ, ಜಿಯಾಸ್ಟ್ರಮ್‌ನದು ಬಹುಪಾಲು 3ರಿಂದ 6ರೊಳಗೆ. ನೋಟಕ್ಕೆ ಅವಳಿಗಳಾದರೂ ಅಸ್ಟ್ರೇಯಸ್ ಇರುವುದು ಸ್ಕ್ಲೆರೋಡರ್ಮಾದ ಜೊತೆ ಬೊಲೆಟೇಲ್ಸ್ ಗಣದಲ್ಲಿ (ಗಣವೆಂದರೆ ಹಲವು ಕುಲಗಳು ಸೇರಿದ ದೊಡ್ಡ ಗುಂಪು), ಜಿಯಾಸ್ಟ್ರಮ್‌ಗೆ ಅದರದೇ ಜಿಯಾಸ್ಟ್ರೇಲ್ಸ್. ಪುಡಿಯುಗುಳುವ ಲೈಕೋಪರ್ಡಾನ್ ಅಂತೂ ಮಾಮೂಲಿ ನಾಯಿಕೊಡೆಗಳ ಅಗಾರಿಕೇಲ್ಸ್‌ಗೆ ಸೇರಿದ್ದು.

ಇಡೀ ಉಂಡೆಯನ್ನು ಒಣಗಿಸಬೇಡಿ. ಹೊರಗೆ ಗರಿಗರಿ, ಒಳಗೆ ಕೊಳೆತು ಹುಳ. ಅರ್ಧ ಸೆಂಟಿಮೀಟರ್ ಹೋಳು ಮಾಡಿ 40ರಿಂದ 45 ಡಿಗ್ರಿಯಲ್ಲಿ, ಮುರಿದರೆ ಪಟ್ಟೆನ್ನುವವರೆಗೆ ಒಣಗಿಸಿ. ಡಿಎನ್ಎಗೆ ಮಾತ್ರ ಹಸಿಯಿರುವಾಗಲೇ ತಿರುಳಿನ ನಡುವಿನಿಂದ ಕಡಲೆಕಾಳಿನಷ್ಟು ತೆಗೆದು ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಇಡುತ್ತೇನೆ; ಸಿಪ್ಪೆಯಿಂದ ತೆಗೆದರೆ ಮಣ್ಣಿನ ಬೂಷ್ಟಿನ ಡಿಎನ್ಎಯೂ ಸೇರಿಬಿಡುತ್ತದೆ.