ತೊಡೆದೇವಿನ ರೆಕ್ಕೆಯ ಹಾರುವ ಓತಿ

ನನಗೆ ತುಂಬ ಇಷ್ಟದ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ. ಕತೆ ನಡೆಯೋದು ಮೂಡಿಗೆರೆ ಕಡೆ. ಆದರೆ ಅದರಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಹಾರುವ ಓತಿ ಶಿರಸಿಯ ನಮ್ಮ ಅಡಿಕೆ ತೋಟದಲ್ಲೂ ಇದೆ. ಮರಕ್ಕೆ ಅಂಟಿ ಕೂತಿದ್ದರೆ ತೊಗಟೆಯೇ ಅನ್ನಿಸುತ್ತದೆ, ಹಾರಿದಾಗಲೇ ಗೊತ್ತಾಗೋದು. ಈ ಸಲ ಆಲೆಮನೆ ಹೊತ್ತಿಗೆ ಅಕ್ಕನ ಮಗ ಆ ಪುಸ್ತಕ ಓದಿ ಮುಗಿಸಿದ್ದ. ಅವನಿಗಾಗಿ ಓತಿಯನ್ನು ತಿಂಡಿಯಲ್ಲೇ ಮಾಡಿದೆ.

ಮೈ ಮಾಡೋದು ಸುಲಭ. ಹುರಿದ ಎಳ್ಳು ಒಂದು ಲೋಟ, ಬೆಲ್ಲ ಮುಕ್ಕಾಲು ಲೋಟ, ಒರಳಲ್ಲಿ ಕುಟ್ಟಿದರೆ ಚಿಗಳಿ. ನೀರು ಬೇಡ, ಎಳ್ಳಿನ ಎಣ್ಣೆಯೇ ಸಾಕು. ಬಣ್ಣವೂ ತೊಗಟೆಯದ್ದೇ. ಬಾಲ ಸೇರಿ ಒಂದು ಗೇಣು ಉದ್ದ ತಿದ್ದಿದೆ.

ಕಷ್ಟ ಇದ್ದದ್ದು ರೆಕ್ಕೆಯಲ್ಲಿ. ಓತಿಯ ರೆಕ್ಕೆ ಅಂದರೆ ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ತೆಳ್ಳನೆ ಚರ್ಮ. ಕೇಕಿನಲ್ಲಿ ಅದು ಬರೋದಿಲ್ಲ. ಅಷ್ಟು ತೆಳ್ಳಗೆ ಬರೋದು ಮಡಕೆ ಮೇಲೆ ಹಾಳೆಯ ಹಾಗೆ ಎರೆಯುವ ನಮ್ಮ ಸಿಹಿತಿಂಡಿ ತೊಡೆದೇವು ಒಂದೇ, ಅಲ್ವಾ?

ನೆನೆಸಿದ ಅಕ್ಕಿಯನ್ನು ಆಲೆಮನೆಯಿಂದ ತಂದ ಕಬ್ಬಿನ ಹಾಲಲ್ಲಿ ನುಣ್ಣಗೆ ರುಬ್ಬಿದೆ. ಚಿಟಿಕೆ ಅರಿಶಿನ, ಉಪ್ಪು. ಹಿಟ್ಟು ನೀರು ಮಜ್ಜಿಗೆ ಹಾಗಿರಬೇಕು. ಒಲೆ ಮೇಲೆ ಮಡಕೆ ಬೋರಲು ಹಾಕಿ, ಎಣ್ಣೆ ಸವರಿ, ಬಟ್ಟೆಯನ್ನು ಹಿಟ್ಟಲ್ಲಿ ಅದ್ದಿ ಒಂದೇ ಸಲ ಎಳೆದೆ. ಮೊದಲ ನಾಲ್ಕು ಎದ್ದು ಬರಲೇ ಇಲ್ಲ. ಮಡಕೆ ಹದಕ್ಕೆ ಬರುವವರೆಗೆ ಹಾಗೇ. ಆಯಿ ಪಕ್ಕದಲ್ಲೇ ಕೂತಿದ್ದಳು. “ಬಿಸಿ ಇದ್ದಾಗ್ಲೇ ಮಡಚವು ತಂಗಿ, ಆರಿದ್ರೆ ಮುರಿತು” ಅಂದಳು. ಅವಳ ಮಾತು ಕೇಳುತ್ತಲೇ ದಾರಿ ಹೊಳೆಯಿತು. ಅಂಚು ಬಿಡುತ್ತಿದ್ದಂತೆ ಎತ್ತಿ, ತ್ರಿಕೋನ ಮಡಚುವ ಬದಲು ಬೀಸಣಿಗೆಯ ಹಾಗೆ ನೆರಿಗೆ ಹಿಡಿದೆ. ಆರಿದ ಮೇಲೆ ಆ ನೆರಿಗೆಗಳೇ ಪಕ್ಕೆಲುಬು! ನನಗೆ ಅಷ್ಟು ಖುಷಿ ಬೇರೆ ಯಾವುದರಲ್ಲೂ ಆಗಿರಲಿಲ್ಲ.

ಗಂಡು ಓತಿಗೆ ಗಂಟಲ ಕೆಳಗೆ ಹಳದಿ ಚೀಲ ಇರುತ್ತದೆ. ಅದಕ್ಕೆ ಅರಿಶಿನ ಜಾಸ್ತಿ ಹಾಕಿದ ಇನ್ನೊಂದು ಚೂರು. ಕಣ್ಣಿಗೆ ಕಾಳುಮೆಣಸು, ತಿನ್ನುವಾಗ ತೆಗೆದಿಡಬೇಕು.

ಮೊದಲನೆಯದಕ್ಕೆ ರೆಕ್ಕೆಯನ್ನು ಜೋನಿ ಬೆಲ್ಲದಿಂದ ಅಂಟಿಸಿದ್ದೆ. ಅರ್ಧ ಗಂಟೆಯಲ್ಲಿ ಪಸೆ ಹಿಡಿದು ಜೋತುಬಿತ್ತು. ಎರಡನೆಯದಕ್ಕೆ ಚಿಗಳಿಯಲ್ಲಿ ಚಾಕುವಿನಿಂದ ಸೀಳು ಮಾಡಿ, ರೆಕ್ಕೆಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಬಡಿಸುವ ಹೊತ್ತಿಗೆ ಸಿಕ್ಕಿಸಿದೆ. ಗಟ್ಟಿಯಾಗಿ ನಿಂತಿತು.

ಪಕ್ಕದಲ್ಲಿ ಒಂದು ಬಟ್ಟಲು ತುಡುವೆ ಜೇನು ಇಟ್ಟೆ. ಕಾದಂಬರಿಯಲ್ಲಿ ಜೇನು ಹುಡುಕುವ ಮಂದಣ್ಣನ ಜೇನಿಲ್ಲದೆ ‘ಕರ್ವಾಲೊ’ ಇಲ್ಲವಲ್ಲ. ಹುಡುಗ ಓತಿಯನ್ನು ಮೆಲ್ಲಗೆ ಸರಿಸಿ, ಹರಿವಾಣದ ತುದಿಯಲ್ಲಿ ಮುಖ ಹೊರಗೆ ಮಾಡಿ ಕೂರಿಸಿದ. ಕೊನೆಯ ಪುಟದಲ್ಲಿ ಅದು ಹಾರುವುದು ಹಾಗೆಯೇ ಅಂದ. ಸುಮಾರು ಹೊತ್ತು ಸುಮ್ನೆ ನೋಡಿದ. ಆಮೇಲೆ ಎಡಗಡೆ ರೆಕ್ಕೆ ಮುರಿದು, ಜೇನಿಗೆ ಅದ್ದಿ, ಆಯಿಯ ಕೈಗೆ ಕೊಟ್ಟ.